ಐದನೆಯ ಪೆಟ್ಟಿಗೆ

೧೯೮೪ನೆಯ ಇಸವಿ ಫೆಬ್ರುವರಿ ೧೬, ಗುರುವಾರ. ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ.

ಕುಮಟೆಯ ಬಗ್ಗೋಣ ರಸ್ತೆಯ ಧರ್ಮಾರ್ಥ ಕ್ಯಾನ್ಸರ್ ಚಿಕಿತ್ಸಾಲಯದ ಹಿಂದಿನ ಕೋಣೆಯಲ್ಲಿ ಸ್ಕ್ಯಾನರ್ ಯಂತ್ರ ಟಕ್ ಟಕ್ ಎಂದು ಕಾಗದದ ಮೇಲೆ ಚುಕ್ಕೆ ಬಡಿಯುತ್ತಿತ್ತು. ಮಂಚದ ಮೇಲೆ ಮಲಗಿದ್ದವಳು ಭಟ್ಕಳದ ಮೀನು ಮಾರುವ ಗಂಗೆ. ಯಂತ್ರದ ಪಕ್ಕದಲ್ಲಿ ನಿಂತಿದ್ದವನು ತಂತ್ರಜ್ಞ ಸೋಮ ನಾಯ್ಕ, ಶಿರಾಲಿಯವನು.

ಚುಕ್ಕೆಗಳು ದಟ್ಟವಾಗಬೇಕಿದ್ದದ್ದು ಹೊಟ್ಟೆಯ ಎಡಭಾಗದಲ್ಲಿ. ಅಲ್ಲಿ ಕಾಗದ ಬೆಳ್ಳಗೇ ಉಳಿಯಿತು. ಬಲಗಡೆ, ಪಕ್ಕೆಲುಬಿನ ಕೆಳಗೆ, ಯಕೃತ್ತಿನ ಜಾಗದಲ್ಲಿ ಮಾತ್ರ ಚುಕ್ಕೆಯ ಮೇಲೆ ಚುಕ್ಕೆ ಬಿದ್ದು ಮಸಿ ಚೆಲ್ಲಿದಂತಾಯಿತು.

ಸೋಮ ಚಿತ್ರದ ಎಡ ಬಲ ಎರಡು ಸಲ ತಾಳೆ ನೋಡಿದ.

"ಮುಗೀತಾ ತಮ್ಮಾ?" ಗಂಗೆ ಕೇಳಿದಳು. "ನೀ ಆಡಿನ ಮದ್ದು ಚುಚ್ಚಿದ್ಯಲ್ಲ, ಎರಡು ದಿನದಿಂದ ಹಲಸಿನ ಎಲೆ ಕಂಡ್ರೆ ಬಾಯಲ್ಲಿ ನೀರು ಬತ್ತದೆ ಮಾರಾಯ."

ಬೇರೆ ದಿನವಾಗಿದ್ದರೆ ಅವನು ನಗುತ್ತಿದ್ದ.

ಆಡಿನ ಮದ್ದು ಎಂದು ಅವಳು ಹೇಳಿದ್ದು ಸುಳ್ಳಲ್ಲ. ಕರುಳಿನ ಕ್ಯಾನ್ಸರ್ ಗೆಡ್ಡೆ ತನ್ನ ಮೈಮೇಲೆ ಒಂದು ಬಗೆಯ ಪ್ರೋಟೀನನ್ನು ಹೊತ್ತಿರುತ್ತದೆ. ಅದನ್ನು ಹುಡುಕಿ ಹಿಡಿಯುವ ಇನ್ನೊಂದು ಪ್ರೋಟೀನನ್ನು — ಪ್ರತಿಕಾಯವನ್ನು — ಆಡಿನ ರಕ್ತದಿಂದ ತೆಗೆದು, ಅದಕ್ಕೆ ವಿಕಿರಣ ಸೂಸುವ ಅಯೋಡಿನ್ ಅಂಟಿಸಿ, ಬೊಂಬಾಯಿಯ ಒಂದು ಪ್ರಯೋಗಾಲಯ ಎರಡು ವಾರಕ್ಕೊಮ್ಮೆ ಕುಮಟೆಗೆ ಕಳಿಸುತ್ತಿತ್ತು. ರಕ್ತನಾಳಕ್ಕೆ ಚುಚ್ಚಿದರೆ ಎರಡು ದಿನದಲ್ಲಿ ಅದು ಗೆಡ್ಡೆ ಎಲ್ಲೆಲ್ಲಿ ಇದೆಯೋ ಅಲ್ಲಲ್ಲಿ ಹೋಗಿ ಕೂರುತ್ತದೆ. ಯಂತ್ರ ಆ ಜಾಗವನ್ನು ತೋರಿಸುತ್ತದೆ. ಈವರೆಗೆ ನಾಲ್ಕು ಪೆಟ್ಟಿಗೆ ಬಂದಿದ್ದವು, ನಾಲ್ಕು ರೋಗಿಗಳ ಗೆಡ್ಡೆ ಚೊಕ್ಕವಾಗಿ ಕಂಡಿತ್ತು. ಗಂಗೆಯದು ಐದನೆಯ ಪೆಟ್ಟಿಗೆ.

ಡಾಕ್ಟರ್ ಹರಿಹರ ಹೆಗಡೆ ಒಳಗೆ ಬಂದವರು ಕಾಗದ ನೋಡಿ ಕನ್ನಡಕ ತೆಗೆದರು. ಒರೆಸಿದರು. ಮತ್ತೆ ನೋಡಿದರು.

ಗಂಗೆ ಸೀರೆ ಸರಿಮಾಡಿಕೊಂಡು ಹೊರಗೆ ಹೋದ ಮೇಲೆ ಅವರು ಕೇಳಿದರು: "ಯಾವ ಶೀಶೆಯಿಂದ ತೆಗೆದೆ?"

"ಐದನೇ ಪೆಟ್ಟಿಗೇದು ಡಾಕ್ಟ್ರೇ."

"ಖಾತ್ರಿಯಾ?"

"ಎಂತಕ್ಕೆ ಹೀಗೆ ಕೇಳ್ತ್ರಿ?"

"ಎಡಗಡೆ ಗೆಡ್ಡೆ ನನ್ನ ಬೆರಳಿಗೆ ಸಿಗ್ತದೆ. ಬೇರಿಯಂ ಎಕ್ಸ್‌-ರೇಯಲ್ಲಿ ಕಾಣ್ತದೆ. ಇಲ್ಲಿ ಇಲ್ಲ. ಕಪಾಟಿನಲ್ಲಿ ಯಕೃತ್ತಿನ ಪರೀಕ್ಷೆಯ ಬಣ್ಣ ಇದೆಯಲ್ಲ, ರೋಸ್ ಬೆಂಗಾಲ್, ಅದಕ್ಕೂ ಇದೇ ಅಯೋಡಿನ್. ಅದನ್ನು ಚುಚ್ಚಿದರೆ ಚಿತ್ರ ಹೀಗೇ ಬರ್ತದೆ."

"ಅದು ಕೆಂಪು. ಇದು ನೀರು. ನಂಗೆ ಕಣ್ಣಿಲ್ವಾ ಡಾಕ್ಟ್ರೇ?"

"ಸೀಸದ ಕವಚದೊಳಗಿನ ಸಿರಿಂಜಿನಲ್ಲಿ ಕೆಂಪೇನು, ಬಿಳಿಯೇನು?"

ಸೋಮ ಕಾಗದವನ್ನು ಮೇಜಿನ ಮೇಲಿಟ್ಟ. ಐದು ವರ್ಷದ ಕೆಲಸದಲ್ಲಿ ಡಾಕ್ಟರ್ ಅವನನ್ನು ಹೀಗೆ ಕೇಳಿದ್ದು ಇದೇ ಮೊದಲು.

ಡಾಕ್ಟರ್ ಕುರ್ಚಿಯಲ್ಲಿ ಕುಸಿದರು. "ನಿನ್ನ ತಪ್ಪು ಅಂತಾದರೆ ನಂಗೆ ಸಂತೋಷ, ಗೊತ್ತಾ? ನಿನ್ನ ತಪ್ಪು ಅಲ್ಲ ಅಂತಾದರೆ ಈ ಚಿತ್ರ ನಿಜ. ಕ್ಯಾನ್ಸರ್ ಯಕೃತ್ತಿಗೆಲ್ಲ ಹರಡಿದೆ ಅಂತ ಅರ್ಥ. ಶನಿವಾರ ಮಂಗಳೂರಿಂದ ಶಸ್ತ್ರವೈದ್ಯರು ಬರ್ತಾರೆ. ಅವರದು ಒಂದೇ ಮಾತು. ಯಕೃತ್ತಿಗೆ ಹೋಗಿದ್ದರೆ ಕೊಯ್ಯೋದಿಲ್ಲ, ನೋವಿನ ಮಾತ್ರೆ ಕೊಟ್ಟು ಮನೆಗೆ ಕಳಿಸಿ, ಅಷ್ಟೆ."

"ಹೋಗಿರದಿದ್ರೆ?"

"ಕೊಯ್ದು ತೆಗೀಬಹುದು. ಬದುಕ್ತಾಳೆ."

ಹೊರಗೆ ಬೆಂಚಿನ ಮೇಲೆ ಗಂಗೆ ಯಾರಿಗೋ ಬಂಗಡೆ ಆರಿಸುವ ಬಗೆ ಹೇಳಿಕೊಡುತ್ತಿದ್ದಳು. ದನಿ ಒಳಗೂ ಕೇಳುತ್ತಿತ್ತು.

"ಅಕ್ಕೋರನ್ನ ಕರೀರಿ," ಎಂದ ಸೋಮ.

*

ಅಕ್ಕೋರು ಎಂದರೆ ಮಹಾಲಕ್ಷ್ಮೀ ಭಟ್ಟ. ಹೊಳನಗದ್ದೆಯ ಮನೆ, ಕುಮಟೆ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ. ಬೊಂಬಾಯಿಯಲ್ಲಿ ವಿಕಿರಣ ಸುರಕ್ಷತೆಯ ತರಬೇತಿ ಪಡೆದು ಬಂದಿದ್ದರಿಂದ ವಾರಕ್ಕೆರಡು ಸಲ ಚಿಕಿತ್ಸಾಲಯಕ್ಕೆ ಬಂದು ಮೀಟರು, ದಾಖಲೆ, ತ್ಯಾಜ್ಯ ಎಲ್ಲ ತಪಾಸಣೆ ಮಾಡುತ್ತಿದ್ದಳು. ಕಾಲೇಜಿನಲ್ಲಿ ಕಳ್ಳತನವಾದರೂ, ಊರಿನ ಬಾವಿಯ ನೀರು ಕೆಟ್ಟರೂ ಜನ ಮೊದಲು ಹೋಗುವುದು ಅವಳ ಹತ್ತಿರ. ಕೇಳಿದ್ದಕ್ಕೆ ಉತ್ತರ ಕೊಡುವುದಕ್ಕಿಂತ ಅವಳು ಮರುಪ್ರಶ್ನೆ ಕೇಳುವುದೇ ಹೆಚ್ಚು.

ಎರಡನೆಯ ತರಗತಿ ಮುಗಿಸಿ, ಕೈಯ ಸೀಮೆಸುಣ್ಣ ತೊಳೆಯದೆ ಬಂದಳು. ಚಿತ್ರವನ್ನು ಹತ್ತು ನಿಮಿಷ ನೋಡಿದಳು.

"ಹರಿಹರಣ್ಣ, ರೋಸ್ ಬೆಂಗಾಲ್ ಯಕೃತ್ತಿನಲ್ಲಿ ಎಷ್ಟು ಹೊತ್ತು ಇರ್ತು?"

"ಕೆಲವು ಗಂಟೆ. ಆಮೇಲೆ ಪಿತ್ತದ ಸಂಗಡ ಕರುಳಿಗೆ ಇಳಿತು."

"ಇದು ಚುಚ್ಚಿ ಎಷ್ಟು ಹೊತ್ತಿನ ಮೇಲಿನ ಚಿತ್ರ?"

ಡಾಕ್ಟರ್ ಬೆರಳಲ್ಲಿ ಲೆಕ್ಕ ಹಾಕಿದರು. "ನಲವತ್ತೆಂಟು ಗಂಟೆ. ಇಷ್ಟೊತ್ತಿಗೆ ಯಕೃತ್ತು ಖಾಲಿ ಆಗಿರಬೇಕಿತ್ತು. ನಂಗೇ ಹೊಳೆಯಬೇಕಾಗಿತ್ತು."

"ಹಂಗಾರೆ ಸೋಮ ಶೀಶೆ ಬದಲು ಮಾಡಿದ್ದಲ್ಲ." ಅವಳು ಸೋಮನತ್ತ ತಿರುಗಿದಳು. "ಅಯೋಡಿನ್ ಪ್ರೋಟೀನಿನಿಂದ ಕಳಚಿಕೊಂಡಿದ್ರೆ?"

"ಮೂತ್ರದಲ್ಲಿ ಹೋಗ್ತಿತ್ತು ಅಕ್ಕೋರೇ," ಎಂದ ಸೋಮ. ಎದೆಯ ಮೇಲಿನ ಕಲ್ಲು ಅರ್ಧ ಇಳಿದಿತ್ತು. "ಯಕೃತ್ತಿನಲ್ಲಿ ನಿಲ್ತಿರ್ಲಿಲ್ಲ."

"ಅಂದ್ರೆ ಪ್ರೋಟೀನು, ಅಯೋಡಿನು ಒಟ್ಟಿಗೇ ಇವೆ. ಹೋಗಬೇಕಾದಲ್ಲಿಗೆ ಹೋಗ್ಲಿಲ್ಲ, ಅಷ್ಟೆ. ಎರಡೇ ದಾರಿ. ಕ್ಯಾನ್ಸರ್ ಯಕೃತ್ತಿನಲ್ಲಿದೆ, ಅಥವಾ ಮದ್ದು ಕೆಟ್ಟಿದೆ. ಸೋಮವಾರ ಪೆಟ್ಟಿಗೆ ಬಂದಾಗಿನಿಂದ ಹೇಳು. ಒಂದೂ ಬಿಡಬೇಡ."

"ಎಂದಿನ ಹಾಗೇ. ಬೊಂಬಾಯಿಯಿಂದ ವಿಮಾನದಲ್ಲಿ ಮಂಗಳೂರು. ಅಲ್ಲಿಂದ ಕಾರವಾರದ ಬಸ್ಸು. ಭಟ್ಕಳದಲ್ಲಿ ಬಸ್ಸು ಕಾಲು ಗಂಟೆ ನಿಲ್ತದೆ, ಕರಗಿದ ನೀರು ಚೆಲ್ಲಿ ಹೊಸ ಐಸ್ ತುಂಬ್ತಾರೆ. ಇಲ್ಲಿಗೆ ಬಂದಾಗ ಸಂಜೆ ಐದೂಮುಕ್ಕಾಲು."

"ತೆರೆದಾಗ ಎಂತ ಕಂಡೆ?"

"ಪೆಟ್ಟಿಗೆ ತುಂಬ ನೀರು. ಐಸ್ ಮುಷ್ಟಿಯಷ್ಟು ಉಳಿದಿತ್ತು."

"ಬೇರೆ ಸಲ?"

"ಅರ್ಧಕ್ಕರ್ಧ ಐಸ್ ಇರ್ತದೆ."

"ಕೇಳಿದ್ಯಾ!" ಡಾಕ್ಟರ್ ಮೇಜು ತಟ್ಟಿದರು. "ಭಟ್ಕಳದಲ್ಲಿ ಐಸ್ ಕಡಿಮೆ ಹಾಕಿದ್ದು. ಬಿಸಿಲಿಗೆ ಮದ್ದು ಕಾದು ಕೆಟ್ಟು ಹೋತು."

ಮಹಾಲಕ್ಷ್ಮೀ ಅವರತ್ತ ನೋಡಲಿಲ್ಲ. "ಆಮೇಲೆ?"

"ಸೀಸದ ಡಬ್ಬಿ ಎತ್ತಿ ಫ್ರಿಜ್ಜಿನಲ್ಲಿಟ್ಟೆ. ಮಂಗಳವಾರ ಬೆಳಿಗ್ಗೆ ತೆಗೆದು ಚುಚ್ಚಿದೆ." ಸೋಮ ತಡೆದು ಹೇಳಿದ, "ಡಬ್ಬಿಗೆ ಗೋಂದು ಹತ್ತಿತ್ತು, ಅಷ್ಟೆ. ಎತ್ತುವಾಗ ಬೆರಳು ಅಂಟಿಕೊಂಡ್ತು. ಬೊಂಬಾಯಿಯವರು ಚೀಟಿ ಹಚ್ಚುವಾಗ ಚೆಲ್ಲಿರಬೇಕು."

"ಗೋಂದು ಗೀಂದು ಎಂತಕ್ಕೆ ಈಗ?" ಎಂದರು ಡಾಕ್ಟರ್.

"ಮರುದಿನವೂ ಅಂಟು ಇತ್ತಾ ಸೋಮ?"

ಅವನು ಯೋಚಿಸಿದ. "ಇಲ್ಲ. ಆವಾಗ ಇರ್ಲಿಲ್ಲ."

ಅವಳು ಪುಸ್ತಕದಲ್ಲಿ ಏನೋ ಬರೆದುಕೊಂಡಳು.

ಅಷ್ಟರಲ್ಲಿ ಬಾಗಿಲಲ್ಲಿ ಆಯಾ ನಾಗು ಬಂದು ನಿಂತಳು. ಪೊರಕೆ ಕೈಯಲ್ಲಿತ್ತು. ಒಳಗೆ ಕಾಲಿಡಲಿಲ್ಲ.

"ಡಾಕ್ಟ್ರೇ, ನಾ ಈ ಕೋಣೆ ಗುಡಿಸೂದಿಲ್ಲ. ಬೇಕಾರೆ ಕೆಲ್ಸದಿಂದ ತೆಗೀರಿ."

"ನಿಂಗೆ ಎಂತ ಆತು ಈಗ?"

"ನಂಗೆ ಆಗ್ಲಿಲ್ಲ. ನನ್ನ ಅಬ್ಬಲಿಗೆ ಗಿಡಕ್ಕೆ ಆತು. ಹೂ ಬಿಡೂ ಹೊತ್ತಿಗೆ ಮೂರು ದಿನದಲ್ಲಿ ಸುಟ್ಟ ಹಾಂಗೆ ಆಗೋತು. ಕಿರಣ ಸೋರಿದೆ. ಗಿಡ ಹೋತು, ನಾಳೆ ನಾನು ಹೋತೆ."

ಸೋಮನಿಗೆ ಸಿಟ್ಟು ಬಂತು. "ಪೆಟ್ಟಿಗೆ ನೀರನ್ನ ಮೀಟರಿಟ್ಟು ನೋಡಿಯೇ ನಾ ಗಿಡಕ್ಕೆ ಹಾಕೂದು ನಾಗಕ್ಕ. ಒಂದು ಚೂರೂ ಇರೂದಿಲ್ಲ. ಪ್ರತಿ ಸಲವೂ ಅಲ್ಲಿಗೇ ಹಾಕ್ತೆ."

"ಪ್ರತಿ ಸಲ ಗಿಡ ಸಾಯ್ಲಿಲ್ಲ, ಈ ಸಲ ಸತ್ತೋತಲ್ಲ! ಅದ್ಕೇ ಹೇಳೂದು."

"ಅವಳು ಹೇಳೋದು ಸರಿ ಇದೆ," ಎಂದಳು ಮಹಾಲಕ್ಷ್ಮೀ.

ನಾಗುವಿಗೇ ಆಶ್ಚರ್ಯವಾಯಿತು.

ನಾಲ್ವರೂ ಹಿತ್ತಲಿಗೆ ಹೋದರು. ಎಲೆಗಳ ಅಂಚು ಕಂದಿ ಸುರುಟಿತ್ತು. ಸೋಮ ಮೀಟರನ್ನು ಬುಡಕ್ಕೆ ಹಿಡಿದ. ಮುಳ್ಳು ಅಲುಗಲಿಲ್ಲ. ಬೀದಿಯ ಮಣ್ಣಿನಲ್ಲಿ ಎಷ್ಟೋ ಇಲ್ಲೂ ಅಷ್ಟೇ.

"ನೋಡ್ದ್ಯಾ?" ಎಂದ ಸೋಮ.

"ಮತ್ತೆ ಎಂತದಕ್ಕೆ ಸತ್ತದ್ದು?" ಎಂದಳು ನಾಗು.

ಮಹಾಲಕ್ಷ್ಮೀ ಬಾಗಿ, ಬುಡದ ಮಣ್ಣು ಒಂದು ಹಿಡಿ ಕಾಗದದಲ್ಲಿ ಕಟ್ಟಿಕೊಂಡು ಚೀಲಕ್ಕೆ ಹಾಕಿದಳು.

ಒಳಗೆ ಬಂದು ಐದನೆಯ ಶೀಶೆಯಲ್ಲಿ ಉಳಿದಿದ್ದ ಮದ್ದನ್ನು ಸೀಸದ ಗಾಜಿನಾಚೆ ಇಟ್ಟು ಬೆಳಕಿಗೆ ಹಿಡಿಸಿದಳು. ನೀರು ನಿರ್ಮಲವಾಗಿರಲಿಲ್ಲ. ದಿಟ್ಟಿಸಿದರೆ ಮಾತ್ರ ಕಾಣುವ ಮಸುಕು, ಅಕ್ಕಿ ತೊಳೆದ ಮೂರನೆಯ ನೀರಿನಷ್ಟು. ಅದರಲ್ಲೊಂದು ಹನಿಯನ್ನು ಸೂಕ್ಷ್ಮ ರಂಧ್ರದ ಪೊರೆಯಲ್ಲಿ ಸೋಸಿ, ಪೊರೆಯಲ್ಲಿ ಉಳಿದದ್ದೆಷ್ಟು, ಇಳಿದದ್ದೆಷ್ಟು ಎಂದು ವಿಕಿರಣದ ಲೆಕ್ಕ ಸೋಮನಿಂದಲೇ ಮಾಡಿಸಿದಳು.

"ಪೊರೆ ಮೇಲೆ ನೂರಕ್ಕೆ ಎಪ್ಪತ್ತೊಂದು ಪಾಲು."

"ನಾಲ್ಕನೇ ಪೆಟ್ಟಿಗೆಯ ಉಳಿಕೆ ಇದ್ದಾ?"

ಇತ್ತು. ಹದಿನೇಳು ದಿನದ ಹಿಂದಿನದಾದ್ದರಿಂದ ವಿಕಿರಣ ಕಾಲು ಭಾಗಕ್ಕಿಂತ ಕಡಿಮೆಯಾಗಿದ್ದರೂ ಎಣಿಸಲು ಸಾಕಾಗುವಷ್ಟಿತ್ತು. ಪೊರೆಯ ಮೇಲೆ ಉಳಿದದ್ದು ನೂರಕ್ಕೆ ನಾಲ್ಕು.

"ಐದನೆಯದು ಒಡೆದ ಹಾಲು," ಎಂದಳು ಮಹಾಲಕ್ಷ್ಮೀ. "ಪ್ರೋಟೀನು ಗಂಟುಗಂಟಾಗಿದೆ. ರಕ್ತದಲ್ಲಿ ಗಂಟು ಕಂಡರೆ ಯಕೃತ್ತು ಅದನ್ನ ಹಿಡಿದು ಇಟ್ಕೊಳ್ತದೆ. ಅದರ ಕೆಲಸವೇ ಅದು."

"ನಾ ಹೇಳಿದ್ದೂ ಅದನ್ನೇ. ಕಾದು ಕೆಟ್ಟಿದ್ದು," ಎಂದರು ಡಾಕ್ಟರ್. "ಐಸ್ ತುಂಬೋನು ಜಟ್ಟ. ಗಂಗೆಯ ಸ್ವಂತ ತಮ್ಮ! ಅಕ್ಕನ ಮದ್ದಿಗೆ ಐಸ್ ಹಾಕಲಿಕ್ಕೆ ಕೈ ಬರ್ಲಿಲ್ಲ ಅವನಿಗೆ."

"ಸ್ವಂತ ತಮ್ಮ ಅಕ್ಕನ ಮದ್ದಿಗೇ ಕಡಿಮೆ ಹಾಕಿದ. ಬೇರೆ ನಾಲ್ಕು ಜನಕ್ಕೆ ಸರಿಯಾಗಿ ಹಾಕಿದ. ನಂಬಲೆ ಆಗ್ತಾ ಹರಿಹರಣ್ಣ?"

"ಮತ್ತೆಂತ?"

"ನಾಳೆ ಹೇಳ್ತೆ. ಸೋಮನ್ನ ಭಟ್ಕಳಕ್ಕೆ ಕಳಿಸಿ ಕೊಡಿ, ನನ್ನ ಸಂಗಡ. ಖಾಲಿ ಪೆಟ್ಟಿಗೆ, ಸೀಸದ ಡಬ್ಬಿ, ನಾಲ್ಕನೆಯ ಶೀಶೆ ಎಲ್ಲ ಬೇಕು."

*

ಶುಕ್ರವಾರ ಮಧ್ಯಾಹ್ನ ಒಂದು ಗಂಟೆ. ಭಟ್ಕಳ ಬಂದರದ ಐಸ್ ಕಾರ್ಖಾನೆ.

ಜಟ್ಟ ಮೊಗೇರ ಮೊಳಕಾಲಿನವರೆಗೆ ಲುಂಗಿ ಕಟ್ಟಿ, ಮರದ ಕೊಡತಿಯಿಂದ ಐಸ್ ದಿಮ್ಮಿ ಒಡೆಯುತ್ತಿದ್ದ. ಇವರನ್ನು ಕಂಡು ಕೊಡತಿ ಕೆಳಗಿಟ್ಟ. ಮುಖ ಕಪ್ಪಿಟ್ಟಿತು.

"ಐಸ್ ಕಮ್ಮಿ ಆತು ಅಂತ ಡಾಕ್ಟ್ರು ಬೈದ್ರಂತೆ. ಕಂಡಕ್ಟರ್ ಹೇಳ್ದ. ಅಮ್ಮಾ, ನೀವೇ ಹೇಳಿ, ನನ್ನ ಅಕ್ಕನ ಮದ್ದಿಗೆ ನಾ ಐಸ್ ಕಮ್ಮಿ ಮಾಡ್ತೆನಾ? ಅವ್ವ ಸತ್ತ ಮೇಲೆ ಎತ್ತಿ ಆಡಿಸಿದ್ದು ಅವಳು. ಅಲ್ಲಿ ಆಸ್ಪತ್ರೆ ಉಂಟು ಅಂತ ತಿಳಿದದ್ದೇ ಈ ಪೆಟ್ಟಿಗೆಯಿಂದ. ಎಂತದ್ರಾ ಇದು ಅಂತ ಕಂಡಕ್ಟರನ್ನ ಕೇಳಿ, ಅವಳನ್ನ ಕರ್ಕೊಂಡು ಬಂದದ್ದು ನಾನು."

"ಕಮ್ಮಿ ಅಂತ ನಾ ಹೇಳ್ಲಿಲ್ಲ ಜಟ್ಟ. ಕಲಿಯಲಿಕ್ಕೆ ಬಂದೆ. ಸೋಮವಾರ ಹ್ಯಾಂಗೆ ತುಂಬಿದ್ಯೋ ಹಾಂಗೇ ಇದನ್ನ ತುಂಬಿ ಕೊಡು. ಒಂದು ಕೂದಲೆಳೆ ಹೆಚ್ಚಿಲ್ಲ, ಕಮ್ಮಿ ಇಲ್ಲ."

"ಇದೆಂತ ಪರೀಕ್ಷೆಯಾ?"

"ಹೌದು. ಆದ್ರೆ ನಿಂಗಲ್ಲ."

ಜಟ್ಟನ ಕೈ ಚುರುಕಾಯಿತು. ಪೆಟ್ಟಿಗೆಯ ತಳಕ್ಕೆ ಪುಡಿ ಐಸ್ ಹಾಸಿದ. ಸೀಸದ ಡಬ್ಬಿ ನಡುವೆ ಕೂರಿಸಿದ. ಸುತ್ತ ಐಸ್ ಒತ್ತಿದ. ಆಮೇಲೆ ಮೂಲೆಗೆ ಹೋಗಿ ಗೋಣಿಚೀಲದಿಂದ ಏನನ್ನೋ ಬೊಗಸೆಯಲ್ಲಿ ತಂದು ಐಸಿನ ಮೇಲೆ ಉದುರಿಸಿದ. ಇನ್ನೊಂದು ಬೊಗಸೆ. ಮತ್ತೊಂದು. ಅದರ ಮೇಲೆ ಐಸ್.

ಉಪ್ಪು. ಸಾಣಿಕಟ್ಟೆಯ ದಪ್ಪ ಹರಳು ಉಪ್ಪು.

ಸೋಮ ಬಾಯಿ ತೆರೆಯುವಷ್ಟರಲ್ಲಿ ಮಹಾಲಕ್ಷ್ಮೀ ಅವನ ತೋಳು ಹಿಡಿದಳು. "ಅದೆಂತಕ್ಕೆ ಜಟ್ಟ?"

"ಬೊಂಬಾಯಿಗೆ ಹೋಗೂ ಶೆಟ್ಲಿ ಸಿಗಡಿ ಪೆಟ್ಟಿಗೆಗೆ ಹೀಂಗೇ ಮಾಡೂದು. ಬರೀ ಐಸು ನೀರಿನ ತಂಪು ಅಮ್ಮ. ಉಪ್ಪು ಬಿದ್ರೆ ಕಚ್ಚೂ ತಂಪು. ಸಾಹುಕಾರ್ರು ಬೇರೆ ಸಿಗಡಿಗೆಲ್ಲ ಹಾಕೂಕೆ ಬಿಡೂದಿಲ್ಲ, ದೊಡ್ಡ ಶೆಟ್ಲಿಗೆ ಮಾತ್ರ."

"ಮೊದಲಿನ ನಾಲ್ಕು ಪೆಟ್ಟಿಗೆಗೂ ಹಾಕಿದ್ಯಾ?"

"ಇಲ್ಲ."

"ಯಾಕೆ?"

ಜಟ್ಟ ಕಾಲ ಬಳಿಯ ಐಸ್ ಚೂರನ್ನು ಹೆಬ್ಬೆರಳಿನಿಂದ ದೂಡಿದ. "ಅದೆಲ್ಲ ಯಾರ್ಯಾರದೋ. ಡಾಕ್ಟ್ರು ಐಸ್ ಹಾಕು ಅಂದ್ರು, ಹಾಕ್ದೆ. ಇದು ಅಕ್ಕಂದು."

ಮಹಾಲಕ್ಷ್ಮೀ ಉಷ್ಣಮಾಪಕವನ್ನು ಪೆಟ್ಟಿಗೆಯೊಳಗೆ ಇಳಿಸಿದಳು. ಐದು ನಿಮಿಷ ಕಾದಳು. ಪಾದರಸದ ಗೆರೆ ಸೊನ್ನೆ ದಾಟಿ ಕೆಳಗಿಳಿಯುತ್ತಲೇ ಹೋಯಿತು. ಸೋಮ ಅದನ್ನು ಓದಿದ, ಗಟ್ಟಿಯಾಗಿ ಹೇಳಲಿಲ್ಲ. ಅವಳೂ ಹೇಳಲಿಲ್ಲ, ಬರೆದುಕೊಂಡಳು.

"ಸರಿ ಉಂಟಾ ಅಮ್ಮ?" ಜಟ್ಟ ಕೇಳಿದ.

"ಚೊಲೋ ತುಂಬಿದ್ಯ. ನಾಳೆ ಕುಮಟೆಗೆ ಬಾ."

ವಾಪಸು ಬರುವಾಗ ಪೆಟ್ಟಿಗೆ ಸೋಮನ ತೊಡೆಯ ಮೇಲಿತ್ತು. ಶಿರಾಲಿ ದಾಟಿತು, ಹೊನ್ನಾವರ ದಾಟಿತು. ಕಿಟಕಿಯಿಂದ ಬಿಸಿಗಾಳಿ ಹೊಡೆಯುತ್ತಿತ್ತು. ಅವಳು ಕಣ್ಣು ಮುಚ್ಚಿ ಕೂತಿದ್ದಳು, ನಿದ್ದೆ ಮಾಡಿರಲಿಲ್ಲ. ಧಾರೇಶ್ವರದ ಹತ್ತಿರ ಒಮ್ಮೆ ಮಾತ್ರ ಕೇಳಿದಳು: "ಅವನಿಗೆ ಹ್ಯಾಂಗೆ ಹೇಳೋದು ಸೋಮ?"

ಚಿಕಿತ್ಸಾಲಯದಲ್ಲಿ ಪೆಟ್ಟಿಗೆ ತೆರೆದಾಗ ಅದರ ತುಂಬ ನೀರು. ಸೋಮ ಕೈ ಹಾಕಿ ಡಬ್ಬಿ ಎತ್ತಿದ. ಹಸಿ ಬೆರಳು ಲೋಹಕ್ಕೆ ಅಂಟಿಕೊಂಡಿತು. ಬಿಡಿಸಿಕೊಳ್ಳುವಾಗ ಚರ್ಮ ಚುರುಕ್ ಎಂದಿತು.

ಗೋಂದು ಅಲ್ಲ.

*

ಶನಿವಾರ ಹನ್ನೊಂದು ಗಂಟೆ. ಮಂಗಳೂರಿನ ಶಸ್ತ್ರವೈದ್ಯರು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದೇ ನೋಟಕ್ಕೆ ಕೆಳಗಿಟ್ಟರು. ಕೂದಲೆಲ್ಲ ಬಿಳಿ, ಮಾತು ಕಡಿಮೆ.

"ಯಕೃತ್ತು ತುಂಬಿದೆ. ನಾನು ಕೈ ಹಾಕುವುದಿಲ್ಲ."

"ಹತ್ತು ನಿಮಿಷ ಕೊಡಿ ಸರ್," ಎಂದಳು ಮಹಾಲಕ್ಷ್ಮೀ.

"ನೀವು?"

"ಮದ್ದನ್ನು ಕೆಡಿಸಿದ್ದು ಯಾರು ಅಂತ ಹುಡುಕಿದವಳು."

ಅವರು ಗಡಿಯಾರ ನೋಡಿ ಕೂತರು. ಡಾಕ್ಟರ್ ಹರಿಹರ ಬಾಗಿಲು ಮುಚ್ಚಿದರು.

"ಪ್ರೋಟೀನು ಗಂಟುಗಟ್ಟಿದೆ, ಅದರಲ್ಲಿ ಅನುಮಾನ ಇರ್ಲಿಲ್ಲ. ಯಾಕೆ ಅನ್ನೋದೇ ಪ್ರಶ್ನೆ. ಪೆಟ್ಟಿಗೆಯಲ್ಲಿ ನೀರು ಹೆಚ್ಚಿತ್ತು, ಆದ್ದರಿಂದ ಐಸ್ ಕಡಿಮೆ, ಆದ್ದರಿಂದ ಕಾದಿದೆ — ಹರಿಹರಣ್ಣ ಹಾಗಂದರು. ಯಾರಾದರೂ ಹಾಗೇ ಅಂತಾರೆ. ಆದರೆ ಸೋಮ ಒಂದು ಮಾತು ಹೇಳಿದ್ದ. ಸೀಸದ ಡಬ್ಬಿಗೆ ಬೆರಳು ಅಂಟಿತು ಅಂತ. ಮರುದಿನ ಅಂಟು ಇರ್ಲಿಲ್ಲ. ಒರೆಸದೆ ಹೋಗುವ ಗೋಂದು ಯಾವುದು ಸರ್?"

ಶಸ್ತ್ರವೈದ್ಯರು ಗಡಿಯಾರ ನೋಡುವುದನ್ನು ಬಿಟ್ಟರು.

"ಹಸಿ ಬೆರಳು ಲೋಹಕ್ಕೆ ಅಂಟೋದು, ಬೆರಳಿನ ನೀರು ಅಲ್ಲೇ ಹೆಪ್ಪುಗಟ್ಟಿದಾಗ. ಕರಗುವ ಐಸು ಸೊನ್ನೆ ಡಿಗ್ರಿ. ಅದರಲ್ಲಿಟ್ಟ ಡಬ್ಬಿಗೆ ಬೆರಳು ಅಂಟೋದಿಲ್ಲ. ಡಬ್ಬಿ ಸೊನ್ನೆಗಿಂತ ಬಹಳ ಕೆಳಗಿತ್ತು. ಪೆಟ್ಟಿಗೆಯಲ್ಲಿ ನೀರಿತ್ತು, ಆ ನೀರು ಐಸಿಗಿಂತ ತಣ್ಣಗಿತ್ತು. ಅಂಥ ನೀರು ಯಾವುದು?"

"ಉಪ್ಪು ನೀರು," ಎಂದರು ಡಾಕ್ಟರ್ ಹರಿಹರ, ತಾವೇ ಬೆಚ್ಚಿದವರಂತೆ.

"ಹೌದು. ಉಪ್ಪು ಬಿದ್ದರೆ ಐಸ್ ಬೇಗ ಕರಗ್ತದೆ, ಆದರೆ ಸೊನ್ನೆಗಿಂತ ತಣ್ಣಗಾಗ್ತದೆ. ಉಪ್ಪಿನ ವಿಷಯ ನಮಗೆ ಮೊದಲೇ ಹೇಳಿದ್ದು ನಮ್ಮ ಆಯಾ ನಾಗು. ಕಿರಣ ಸೋರಿದೆ ಅಂದಳು. ಕಾರಣ ತಪ್ಪು, ಆದರೆ ನೋಡಿದ್ದು ಸರಿ. ನಾಲ್ಕು ಪೆಟ್ಟಿಗೆಯ ನೀರು ಕುಡಿದ ಗಿಡ ಐದನೆಯದಕ್ಕೆ ಸತ್ತಿತು. ಆ ಮಣ್ಣನ್ನ ಕಾಲೇಜಿನಲ್ಲಿ ನೀರಿಗೆ ಕದಡಿ ಸೋಸಿ ಸಿಲ್ವರ್ ನೈಟ್ರೇಟ್ ಎರಡು ಹನಿ ಬಿಟ್ಟೆ. ಹಾಲಿನ ಹಾಗೆ ಬೆಳ್ಳಗಾಯ್ತು. ಉಪ್ಪಿನ ಸಾಕ್ಷಿ. ನಾವು ಮೂವರೂ ಮೀಟರಿನ ಮುಳ್ಳು ಅಲುಗಲಿಲ್ಲ ಅಂತ ಸಮಾಧಾನಪಟ್ಟುಕೊಂಡೆವು. ಗಿಡ ಯಾಕೆ ಸತ್ತಿತು ಅಂತ ಅವಳೊಬ್ಬಳೇ ಕೇಳಿದ್ದು."

ಅವಳು ಪುಸ್ತಕ ತೆರೆದಳು. "ನಿನ್ನೆ ಭಟ್ಕಳದಲ್ಲಿ ಅದೇ ಥರ ಪೆಟ್ಟಿಗೆ ತುಂಬಿಸಿದೆವು. ಸೊನ್ನೆಗಿಂತ ಹದಿಮೂರು ಡಿಗ್ರಿ ಕೆಳಗೆ. ಒಳಗಿಟ್ಟದ್ದು ನಾಲ್ಕನೆಯ ಶೀಶೆಯ ಒಳ್ಳೆಯ ಮದ್ದು. ಎರಡು ಗಂಟೆ ಬಸ್ಸು. ತೆರೆದಾಗ ಶೀಶೆ ಕಲ್ಲಾಗಿತ್ತು. ಫ್ರಿಜ್ಜಿನಲ್ಲಿಟ್ಟು, ಕರಗಿದ ಮೇಲೆ ಇವತ್ತು ಬೆಳಿಗ್ಗೆ ಸೋಸಿದೆವು. ಹೆಪ್ಪುಗಟ್ಟುವ ಮೊದಲು ಪೊರೆಯ ಮೇಲೆ ನೂರಕ್ಕೆ ನಾಲ್ಕು. ಆಮೇಲೆ ಅರವತ್ತೆಂಟು."

ಶಸ್ತ್ರವೈದ್ಯರು ಪುಸ್ತಕ ತೆಗೆದುಕೊಂಡು ಎರಡು ಅಂಕಿಗಳನ್ನೂ ಓದಿದರು. "ಯಾರು ಮಾಡಿದ್ದು?"

"ಜಟ್ಟ. ರೋಗಿಯ ತಮ್ಮ."

"ದ್ವೇಷವೇ?"

"ಅಲ್ಲ ಸರ್. ಬೇರೆಯವರ ಪೆಟ್ಟಿಗೆಗೆ ಹೇಳಿದಷ್ಟು ಮಾಡಿದ. ಅಕ್ಕನ ಪೆಟ್ಟಿಗೆಗೆ, ತನಗೆ ಗೊತ್ತಿದ್ದದ್ದರಲ್ಲಿ ಅತ್ಯುತ್ತಮವಾದದ್ದನ್ನ ಮಾಡಿದ. ಹೆಪ್ಪುಗಟ್ಟಿಸಬಾರದು ಅಂತ ಮುಚ್ಚಳದ ಒಳಗೆ ಇಂಗ್ಲಿಷಿನಲ್ಲಿ ಬರೆದಿದೆ. ಐದು ಸಲ ಆ ಪೆಟ್ಟಿಗೆ ತೆರೆದೆವು. ಅವನಿಗೆ ಓದಿ ಹೇಳೋದು ನಮ್ಮಲ್ಲಿ ಯಾರಿಗೂ ಹೊಳೀಲಿಲ್ಲ."

ಡಾಕ್ಟರ್ ಹರಿಹರ ತಲೆ ತಗ್ಗಿಸಿದರು. ಸೋಮನೂ.

ಶಸ್ತ್ರವೈದ್ಯರು ಚಿತ್ರವನ್ನು ಎರಡಾಗಿ ಮಡಚಿದರು. "ಇದರಿಂದ ಯಕೃತ್ತು ಒಳ್ಳೆಯದಿದೆ ಅಂತಲೂ ಸಿದ್ಧವಾಗುವುದಿಲ್ಲ."

"ಇಲ್ಲ. ಏನೂ ಸಿದ್ಧವಾಗುವುದಿಲ್ಲ. ಅದಕ್ಕೇ ಆರನೆಯ ಪೆಟ್ಟಿಗೆ ಬರುವ ತನಕ ನಿಲ್ಲಿ ಅಂತ ಕೇಳ್ತೇನೆ."

"ಎಷ್ಟು ದಿನ?"

"ಸ್ಕ್ಯಾನ್ ಆಗುವ ಹೊತ್ತಿಗೆ ಹನ್ನೆರಡು."

"ಹನ್ನೆರಡು ದಿನ ಕಾಯುತ್ತೇನೆ."

ಬಾಗಿಲು ತೆರೆದರು. ಬೆಂಚಿನ ಮೇಲೆ ಅಕ್ಕ, ತಮ್ಮ ಕೂತಿದ್ದರು. ಮಹಾಲಕ್ಷ್ಮೀ ಅವರ ಪಕ್ಕದಲ್ಲೇ ಕೂತು, ಒಂದೂ ಮುಚ್ಚಿಡದೆ ಹೇಳಿದಳು. ಹೆಪ್ಪುಗಟ್ಟಿ ಕರಗಿದ ಮೀನು ಹೇಗೆ ಮೆತ್ತಗಾಗಿ ಮೊದಲಿನಂತಿರುವುದಿಲ್ಲವೋ, ಈ ಮದ್ದೂ ಹಾಗೆ ಎಂದಳು. ಅದು ಜಟ್ಟನಿಗೆ ಬೇಗ ಅರ್ಥವಾಯಿತು. ಅವನು ತನ್ನ ಎರಡು ಕೈಗಳನ್ನೂ ತಿರುಗಿಸಿ ನೋಡಿಕೊಂಡ.

"ನನ್ನ ಕೈಯಾರೆ..." ಎಂದ.

ಗಂಗೆ ಅವನ ಬೆನ್ನಿಗೆ ಒಂದು ಗುದ್ದು ಹಾಕಿದಳು. "ಸಣ್ಣಕಿರೂವಾಗ ಗಂಜಿಗೂ ಹೀಂಗೇ! ಅಕ್ಕಂಗೆ ಬಡಿಸ್ತೆ ಅಂತ ಮುಷ್ಟಿ ಉಪ್ಪು. ಎಷ್ಟು ಸಲ ಉಗಿದಿದ್ದೆ ನಿಂಗೆ?" ಅವಳು ನಕ್ಕಳು. ಆಮೇಲೆ ಸೆರಗಿನಿಂದ ಮೊದಲು ಅವನ ಮುಖ ಒರೆಸಿ ನಂತರ ತನ್ನದನ್ನು ಒರೆಸಿಕೊಂಡಳು. "ಅಮ್ಮಾ, ಆ ಆಡನ್ನ ಇನ್ನೊಂದು ಸಲ ಕರೆಸಿ. ನಾ ಮಲಗ್ತೆ."

ಆರನೆಯ ಪೆಟ್ಟಿಗೆಗೆ ಐಸ್ ತುಂಬಿದ್ದೂ ಜಟ್ಟನೇ. ಬೇರೆಯವರು ತುಂಬಲಿ ಎಂದು ಅವನು ಬೇಡಿಕೊಂಡ, ಮಹಾಲಕ್ಷ್ಮೀ ಒಪ್ಪಲಿಲ್ಲ. ಮಾರ್ಚ್ ಒಂದನೆಯ ತಾರೀಖು, ಗುರುವಾರ, ಸೋಮ ಯಂತ್ರದ ಪಕ್ಕ ನಿಂತ. ಬಲಗಡೆ ಚುಕ್ಕೆಗಳು ತೆಳುವಾಗಿ, ಸಮನಾಗಿ ಉದುರಿದವು. ಎಡಗಡೆ, ಡಾಕ್ಟರ ಬೆರಳಿಗೆ ಸಿಕ್ಕಿದ್ದ ಜಾಗದಲ್ಲೇ, ನಿಂಬೆಹಣ್ಣಿನಾಕಾರದಲ್ಲಿ ಒತ್ತಾಗಿ ಬಿದ್ದವು. ಬೇರೆಲ್ಲೂ ಇಲ್ಲ.

ಐದನೆಯ ತಾರೀಖು ಸೋಮವಾರ, ಮಧ್ಯಾಹ್ನ ಎರಡೂವರೆಗೆ, ಗಂಗೆಯನ್ನು ಕರೆದೊಯ್ದಿದ್ದ ಮಂಗಳೂರಿನ ಆಸ್ಪತ್ರೆಯಿಂದ ಟ್ರಂಕ್ ಕಾಲ್ ಬಂತು. ಶಸ್ತ್ರವೈದ್ಯರ ದನಿ, ಎಂದಿನಂತೆ ನಾಲ್ಕೇ ಮಾತು. ಸೋಮ ಅದನ್ನು ಕೇಸು ಪುಸ್ತಕದಲ್ಲಿ ಅವರು ಹೇಳಿದಂತೆಯೇ ಬರೆದುಕೊಂಡ. ಯಕೃತ್ತನ್ನು ಕೈಯಿಂದ ಮುಟ್ಟಿ ನೋಡಲಾಗಿದೆ, ನುಣುಪಾಗಿದೆ. ಗೆಡ್ಡೆಯನ್ನು ಪೂರ್ತಿ ತೆಗೆಯಲಾಗಿದೆ. ರೋಗಿ ಎಚ್ಚರವಾಗಿದ್ದಾಳೆ. ಗೆಡ್ಡೆಯ ತೂಕ ನೂರ ಹನ್ನೆರಡು ಗ್ರಾಂ.